ಲಾರಿಯ ಮೇಲಿನ ಕೆಂಪು ಹದ್ದು ಶತ್ರುವಿಗೂ ಸುಳಿವಲ್ವಾ?

ಪ್ರಮೋದ್: ಎರಡನೇ ಮಹಾಯುದ್ಧದ ಒಂದು ಕಪ್ಪುಬಿಳುಪು ಫೋಟೊ ನೋಡುತ್ತಿದ್ದೆ. 4ನೇ ಇಂಡಿಯನ್ ಡಿವಿಷನ್ನಿನ ಲಾರಿ, ಮಡ್‌ಗಾರ್ಡ್ ಮೇಲೆ ಅವರ ಕೆಂಪು ಹದ್ದು. ಗುಟ್ಟು ಕಾಪಾಡಬೇಕಾದ ಸೈನ್ಯ ಹೀಗೆ ಬೋರ್ಡು ಹಾಕಿಕೊಂಡು ಓಡಾಡಿದ್ದು ದೊಡ್ಡ ತಪ್ಪು ಅನ್ನಿಸುತ್ತದೆ.

ಸುಧಾ: ತಪ್ಪಲ್ಲ ಪ್ರಮೋದ್. ಒಂದು ಡಿವಿಷನ್ ಅಂದರೆ ಸಾವಿರಾರು ಗಾಡಿ, ನೋಡೋಕೆ ಎಲ್ಲ ಒಂದೇ ಥರ. ಧೂಳೆದ್ದ ಕವಲುದಾರಿಯಲ್ಲಿ ನಿಂತ ಮಿಲಿಟರಿ ಪೊಲೀಸನಿಗೆ ಯಾವ ಗಾಡಿ ಎಲ್ಲಿಗೆ ಅಂತ ಕ್ಷಣದಲ್ಲಿ ತಿಳಿಯಬೇಕು. ಹದ್ದು ಡಿವಿಷನ್ ಹೇಳುತ್ತದೆ. ಜೊತೆಗೆ ಅದರೊಳಗಿನ ಯಾವ ತುಕಡಿ ಅಂತ ಹೇಳೋಕೆ ಬಣ್ಣದ ಚೌಕ, ಚೌಕದೊಳಗೆ ಅಂಕಿ. ಫಿರಂಗಿಯವರದು ಮೇಲೆ ಕೆಂಪು, ಕೆಳಗೆ ನೀಲಿ. ಪದಾತಿಯ ಮೂರು ಬ್ರಿಗೇಡ್‌ಗೆ ಕೆಂಪು, ಹಸಿರು, ಕಂದು. ಇಂಜಿನಿಯರುಗಳದು ನೀಲಿ. ಆ ಡಿವಿಷನ್ನಿನ ಇಂಜಿನಿಯರ್ ತುಕಡಿಗಳಲ್ಲಿ ಒಂದಾದ 12ನೇ ಫೀಲ್ಡ್ ಕಂಪನಿ ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್!

ಪ್ರಮೋದ್: ಚೌಕ, ಅಂಕಿ ಒಪ್ಪಿದೆ. ಅದರ ಅರ್ಥ ಹೊರಗಿನವರಿಗೆ ಸುಲಭವಾಗಿ ಗೊತ್ತಾಗಲ್ಲ. ಹದ್ದು ಹಾಗಲ್ಲ. ಒಂದು ಲಾರಿ ಶತ್ರುವಿನ ಕೈಗೆ ಸಿಕ್ಕರೆ ಎದುರಿಗಿರೋದು ಯಾರು ಅಂತ ಗೊತ್ತಾಗಿಬಿಡುತ್ತದೆ.

ನಾಗರಾಜ್: ಆ ಭಯ ಅವರಿಗೂ ಇತ್ತು ಸರ್. 1942ರ ಜೂನ್‌ನಲ್ಲಿ ನ್ಯೂಜಿಲೆಂಡ್ ಡಿವಿಷನ್ ಸಿರಿಯಾದಿಂದ ಈಜಿಪ್ಟಿಗೆ ಧಾವಿಸಿತು. ಹೊರಡುವ ಮುಂಚೆ ಗಾಡಿಗಳ ಮೇಲಿನ ಜರಿಗಿಡದ ಎಲೆಯ ಗುರುತು ಕಾಣದಂತೆ ಬಣ್ಣ ಬಳಿದರು. ಭುಜದ ಮೇಲಿನ ಪಟ್ಟಿಯನ್ನೂ ಕಿತ್ತರು. ಇನ್ನೊಂದು ಕಡೆ ಬ್ರಿಟಿಷ್ ಅಧಿಕಾರಿ ಡಡ್ಲಿ ಕ್ಲಾರ್ಕ್ ಅವರ ‘ಎ ಫೋರ್ಸ್’, ಅಂದರೆ ಶತ್ರುವಿನ ದಾರಿ ತಪ್ಪಿಸೋ ಗುಪ್ತ ತಂಡ, ಇಲ್ಲದ ಡಿವಿಷನ್‌ಗಳಿಗೂ ಗುರುತು ಮಾಡಿ ಗಾಡಿಗಳ ಮೇಲೆ ಬರೆಸಿತು. ಶತ್ರು ನೋಡುತ್ತಾನೆ ಅಂತ ಗೊತ್ತಿದ್ದೇ ಮಾಡಿದ ಕೆಲಸ ಅದು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ಇಮ್ರಾನ್: ಮಿತ್ರರಾಷ್ಟ್ರಗಳ ಬಿಳಿ ನಕ್ಷತ್ರವನ್ನೂ ಸೇರಿಸಿ. ಮೇಲಿಂದ ನಮ್ಮದೇ ವಿಮಾನ ಬಾಂಬ್ ಹಾಕದಿರಲಿ ಅಂತ ಅದು. ದೂರದಿಂದ ಜರ್ಮನ್ ಶಿಲುಬೆಯಂತೆ ಕಾಣಬಾರದು ಅಂತ ಸುತ್ತ ಒಂದು ಬಳೆ ಬರೆದರು. ಆದರೆ ಟ್ಯಾಂಕಿನ ಹುಡುಗರಿಗೆ ಅದು ಶತ್ರುವಿನ ಗುರಿಹಲಗೆ. ಎಷ್ಟೋ ಜನ ಮೇಲೆ ಕೆಸರು ಮೆತ್ತಿಬಿಡುತ್ತಿದ್ದರು.

ಸುಧಾ: ಹಳದಿ ವೃತ್ತದಲ್ಲಿ ಕಪ್ಪು ಅಂಕಿ ಇರುತ್ತದಲ್ಲ, ಅದು ಗಾಡಿಯ ಭಾರದ ದರ್ಜೆ. ಸೇತುವೆಯ ಫಲಕದ ಅಂಕಿಗಿಂತ ಅದು ಜಾಸ್ತಿ ಇದ್ದರೆ ಗಾಡಿ ಹತ್ತಿಸುವಂತಿಲ್ಲ. ಇದನ್ನೂ ಅಳಿಸಿ ಅಂತೀರಾ?

ಪ್ರಮೋದ್: ಅದನ್ನು ಅಳಿಸಿ ಅನ್ನಲ್ಲ! ಫೋಟೊ ಮತ್ತೆ ನೋಡಿದೆ, ಆ ವೃತ್ತ ಇದೆ. ಚೌಕವೂ ಇದೆ, ಆದರೆ ಕಪ್ಪುಬಿಳುಪಲ್ಲಿ ಕೆಂಪೋ ಕಂದೋ ತಿಳಿಯುತ್ತಿಲ್ಲ. ಅಂಕಿ ಮಸುಕಾಗಿದೆ. ಮುಂಚೂಣಿಗೆ ಹೋಗುವಾಗ ಹದ್ದಿಗೆ ಬಣ್ಣ ಬಳಿಯಲೇಬೇಕಿತ್ತು ಅನ್ನೋ ನನ್ನ ಮಾತು ಮಾತ್ರ ಹಾಗೇ ಇದೆ.