ಮೂರು ಹಾರ್ಡ್ ಡ್ರೈವ್‌ಗಳಲ್ಲಿ ಚೆದುರಿರುವ ರೆಕಾರ್ಡಿಂಗ್ ಪ್ರಾಜೆಕ್ಟ್‌ಗಳನ್ನು ಒಂದೇ ಕಡೆ ತರುವುದು ಹೇಗೆ?

ಹಾಡಿನ_ಗೂಡು

ಎಲ್ಲರಿಗೂ ನಮಸ್ಕಾರ. ನನ್ನ ರೆಕಾರ್ಡಿಂಗ್‌ಗಳೆಲ್ಲ ಮೂರು ಕಡೆ ಹಂಚಿ ಹೋಗಿವೆ. ಸ್ವಲ್ಪ ಹಳೇ ಲ್ಯಾಪ್‌ಟಾಪ್ ಒಳಗಿನ ಡಿಸ್ಕ್‌ನಲ್ಲಿ, ಮಿಕ್ಕಿದ್ದು ಎರಡು ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್‌ಗಳಲ್ಲಿ. ಈಗ 2 ಟಿಬಿಯ ಎಸ್‌ಎಸ್‌ಡಿ ತಂದಿದ್ದೇನೆ, ಎಲ್ಲವನ್ನೂ ಅದಕ್ಕೆ ಸಾಗಿಸಿ ಅಚ್ಚುಕಟ್ಟಾಗಿ ಜೋಡಿಸಿಡಬೇಕು ಅಂತ. ಬಳಸುವುದು ವಿಂಡೋಸ್, ಹೆಚ್ಚಿನ ಕೆಲಸ ರೀಪರ್‌ನಲ್ಲಿ, ಗೆಳೆಯನ ಜೊತೆ ಮಾಡಿದ ಕೆಲವು ಹಾಡು ಏಬಲ್ಟನ್ ಲೈವ್‌ನಲ್ಲಿವೆ (ಎರಡೂ ರೆಕಾರ್ಡಿಂಗ್ ಸಾಫ್ಟ್‌ವೇರ್).

ಮೊದಲು ಒಂದೇ ಹಾಡಿನ ಫೋಲ್ಡರ್ ಕಾಪಿ ಮಾಡಿ ನೋಡಿದೆ. ಎಸ್‌ಎಸ್‌ಡಿಯಿಂದ ತೆರೆದಾಗ ಎಲ್ಲ ಟ್ರ್ಯಾಕ್ ಸರಿಯಾಗಿ ನುಡಿಯಿತು. ಆದರೆ ಹಳೇ ಡ್ರೈವ್ ಕಿತ್ತು ಮತ್ತೆ ತೆರೆದರೆ ಡ್ರಮ್ಸ್ ಮತ್ತು ಬೇಸ್ ಇವೆ, ಹಾಡಿದ್ದು ಒಂದೂ ಇಲ್ಲ, ಎಲ್ಲ ಆಫ್‌ಲೈನ್ ಅಂತ ತೋರಿಸುತ್ತದೆ. ಫೋಲ್ಡರ್ ಪೂರ್ತಿ ಕಾಪಿ ಆಗಿದ್ದರೂ ಅರ್ಧ ಮಾತ್ರ ಸಿಗುವುದು ಯಾಕೆ? ಇನ್ನೊಂದು, ಕಾಪಿ ಮಾಡೋಕೆ ಮುಂಚೆ ಫೋಲ್ಡರ್‌ಗಳಿಗೆ ಸರಿಯಾದ ಹೆಸರು ಕೊಟ್ಟು ಜೋಡಿಸಿಕೊಳ್ಳೋದೋ ಅಥವಾ ಆಮೇಲೋ? ಮೊದಲು ಹಾಡಿದ ಟೇಕ್‌ಗಳು, ಅಂದರೆ ಒಂದೊಂದು ಸಲ ಹಾಡಿ ರೆಕಾರ್ಡ್ ಮಾಡಿದ್ದು, ಇದರಲ್ಲಿವೆ, ಒಂದೂ ಕಳೆದುಕೊಳ್ಳಲು ಮನಸ್ಸಿಲ್ಲ.

ಮಂದ್ರ_ಶ್ರುತಿ

ಹೆಸರು ಬದಲಿಸೋದು, ಜೋಡಿಸೋದು ಎಲ್ಲ ಆಮೇಲೆ. ಈಗ ಯಾವ ಫೋಲ್ಡರನ್ನೂ ಮುಟ್ಟಬೇಡಿ. ಯಾಕೆ ಅಂತ ಹೇಳುತ್ತೇನೆ.

ಪ್ರಾಜೆಕ್ಟ್ ಫೈಲ್ ಒಳಗೆ ಧ್ವನಿ ಇರುವುದಿಲ್ಲ. ಇರುವುದು ವಿಳಾಸ ಮಾತ್ರ. ರೀಪರ್‌ನ ಆರ್‌ಪಿಪಿ ಫೈಲ್ ಬರೀ ಅಕ್ಷರಗಳ ಫೈಲ್, ಅದರ ಒಂದು ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಂದೊಂದು ಆಡಿಯೋ ತುಣುಕಿಗೂ "ಫೈಲ್" ಅಂತ ಶುರುವಾಗುವ ಒಂದು ಸಾಲು ಸಿಗುತ್ತದೆ. ನಿಮ್ಮ ಡ್ರಮ್ಸ್ ಸಾಲಿನಲ್ಲಿ ಬರೀ ಫೈಲ್ ಹೆಸರು ಇರುತ್ತದೆ, ಅಂದರೆ "ನನ್ನ ಪಕ್ಕದಲ್ಲೇ ಹುಡುಕು" ಅಂತ. ಹಾಡಿದ ಟ್ರ್ಯಾಕ್‌ನ ಸಾಲಿನಲ್ಲಿ ಡ್ರೈವ್ ಅಕ್ಷರದಿಂದ ಹಿಡಿದು ಪೂರ್ತಿ ದಾರಿ ಬರೆದಿರುತ್ತದೆ, ಯಾಕೆಂದರೆ ಆ ಫೈಲ್ ಪ್ರಾಜೆಕ್ಟ್ ಫೋಲ್ಡರ್‌ನ ಹೊರಗೆ ಬೇರೆಲ್ಲೋ ಇದೆ. ಹಳೇ ಡ್ರೈವ್ ಸಿಕ್ಕಿಸಿದ್ದಾಗ ಎಸ್‌ಎಸ್‌ಡಿಯ ಪ್ರಾಜೆಕ್ಟ್ ಸದ್ದಿಲ್ಲದೆ ಹಳೇ ಡ್ರೈವ್‌ನಿಂದಲೇ ಓದುತ್ತಿತ್ತು. ಕಿತ್ತ ಕೂಡಲೇ ಬಣ್ಣ ಬಯಲಾಯಿತು. ನೀವು ಕಿತ್ತು ನೋಡಿದ್ದು ತುಂಬಾ ಒಳ್ಳೆಯದಾಯಿತು. ಎಷ್ಟೋ ಜನ ಅದನ್ನು ಮಾಡದೆ ಹಳೇ ಡ್ರೈವ್ ಫಾರ್ಮ್ಯಾಟ್ ಮಾಡಿಬಿಡುತ್ತಾರೆ.

ಹೊರಗೆ ಹೇಗೆ ಹೋಯಿತು ಅಂದರೆ, ಪ್ರಾಜೆಕ್ಟನ್ನು ಸೇವ್ ಮಾಡದೇ ರೆಕಾರ್ಡ್ ಒತ್ತಿದರೆ ಫೈಲ್‌ಗಳು ಡಾಕ್ಯುಮೆಂಟ್ಸ್ ಒಳಗಿನ ರೀಪರ್ ಮೀಡಿಯಾ ಫೋಲ್ಡರ್‌ಗೆ ಹೋಗುತ್ತವೆ, ಇಲ್ಲವೇ ನೀವು ಸೆಟ್ಟಿಂಗ್‌ನಲ್ಲಿ ಕೊಟ್ಟಿರುವ ಜಾಗಕ್ಕೆ. ಆಮೇಲೆ ಸುಮ್ನೆ ಸೇವ್ ಕೊಟ್ಟರೆ ಪ್ರಾಜೆಕ್ಟ್ ಮಾತ್ರ ಹೊಸ ಜಾಗಕ್ಕೆ ಬರುತ್ತದೆ, ಆಡಿಯೋ ಅಲ್ಲೇ ಕೂರುತ್ತದೆ. ಡೌನ್‌ಲೋಡ್ಸ್‌ನಿಂದ ಎಳೆದು ಹಾಕಿದ ಲೂಪ್‌ಗಳದ್ದೂ ಇದೇ ಕಥೆ.

ದಾರಿ ಇದು. ಎಲ್ಲ ಹಳೇ ಡ್ರೈವ್‌ಗಳನ್ನೂ ಸಿಕ್ಕಿಸಿ, ಅವುಗಳಿಗೆ ಮೊದಲಿದ್ದ ಅಕ್ಷರಗಳೇ ಇವೆಯಾ ನೋಡಿಕೊಳ್ಳಿ. ಒಂದೊಂದೇ ಪ್ರಾಜೆಕ್ಟ್ ತೆರೆದು ಸೇವ್ ಪ್ರಾಜೆಕ್ಟ್ ಆ್ಯಸ್ ಕೊಡಿ, ಜಾಗ ಹೊಸ ಎಸ್‌ಎಸ್‌ಡಿ. ಆ ಕಿಟಕಿಯ ಕೆಳಗೆ ಪ್ರಾಜೆಕ್ಟ್‌ಗೆ ಸಬ್‌ಡೈರೆಕ್ಟರಿ ಮಾಡು, ಎಲ್ಲ ಮೀಡಿಯಾವನ್ನೂ ಪ್ರಾಜೆಕ್ಟ್ ಫೋಲ್ಡರ್‌ಗೆ ಕಾಪಿ ಮಾಡು ಅನ್ನುವ ಎರಡು ಟಿಕ್ ಇರುತ್ತವೆ. ಎರಡನ್ನೂ ಹಾಕಿ. ಪಕ್ಕದಲ್ಲೇ ಮೂವ್ ಅಂತಲೂ ಇದೆ, ಅದನ್ನು ಹಾಕಬೇಡಿ, ಅದು ಹಳೇ ಜಾಗದಿಂದ ಫೈಲನ್ನೇ ಎತ್ತಿಬಿಡುತ್ತದೆ. ಅದೇ ಫೈಲನ್ನು ಇನ್ನೊಂದು ಪ್ರಾಜೆಕ್ಟ್ ಬಳಸುತ್ತಿದ್ದರೆ ಅದು ಅನಾಥವಾಗುತ್ತದೆ.

ಹೀಗೆ ಎಲ್ಲ ಮುಗಿದ ಮೇಲೆ ಹಳೇ ಡ್ರೈವ್ ಕಿತ್ತು, ಒಂದೊಂದನ್ನೂ ತೆರೆದು, ಮೊದಲಿಂದ ಕೊನೆತನಕ ಟೈಮ್‌ಲೈನ್ ಮೇಲೆ ಕಣ್ಣಾಡಿಸಿ. ಮ್ಯೂಟ್ ಆಗಿರುವ ಟ್ರ್ಯಾಕ್‌ಗಳನ್ನೂ ನೋಡಿ. ಒಂದು ಐಟಮ್‌ನೊಳಗೆ (ಟೈಮ್‌ಲೈನ್ ಮೇಲಿನ ಒಂದು ಆಡಿಯೋ ತುಣುಕು) ಹಲವು ಟೇಕ್ ಇದ್ದರೆ ಅವನ್ನೂ ಬಿಚ್ಚಿ ನೋಡಿ, ಹೊರಗೆ ಕಾಣುವ ಟೇಕ್ ಇದ್ದು ಒಳಗಿನದ್ದು ಇಲ್ಲದೇ ಇರಬಹುದು. ಇಷ್ಟಾದ ಮೇಲೆ ಫೋಲ್ಡರ್‌ಗೆ ಯಾವ ಹೆಸರು ಬೇಕಾದರೂ ಇಡಿ. ಒಳಗಿನ ವಿಳಾಸಗಳೆಲ್ಲ ಪ್ರಾಜೆಕ್ಟ್‌ನ ಪಕ್ಕದ್ದೇ ಆದ್ದರಿಂದ ಫೋಲ್ಡರ್ ಎಲ್ಲಿಗೆ ಹೋದರೂ ಹಾಡು ಜೊತೆಗೇ ಹೋಗುತ್ತದೆ.

ಟೇಕ್_ಐದು

ಮಂದ್ರ_ಶ್ರುತಿ ಹೇಳಿದ್ದರಲ್ಲಿ ಎಲ್ಲ ಒಪ್ಪುತ್ತೇನೆ, ಕ್ರಮ ಒಂದನ್ನು ಬಿಟ್ಟು. ಹಳೇ ಡ್ರೈವ್‌ಗಳನ್ನು ಸಿಕ್ಕಿಸಿ ಒಂದೊಂದೇ ಪ್ರಾಜೆಕ್ಟ್ ತೆರೆಯುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ಅದು ದಿನಗಟ್ಟಲೆ ಹಿಡಿಯುವ ಕೆಲಸ, ಅಷ್ಟು ಹೊತ್ತೂ ಆ ಹಳೇ ತಟ್ಟೆಗಳು ತಿರುಗುತ್ತಿರಬೇಕು. ಅವುಗಳಿಗೆ ವಯಸ್ಸಾಗಿದೆ ಅಲ್ವಾ?

ಮೊದಲ ಕೆಲಸ, ಡ್ರೈವ್ ಪೂರ್ತಿಯಾಗಿ, ಇರುವ ಫೋಲ್ಡರ್ ರಚನೆ ಇದ್ದ ಹಾಗೇ ಕಾಪಿ ತೆಗೆಯುವುದು. ಏನನ್ನೂ ಆರಿಸುವುದು ಬೇಡ, ಕಸ ಕಂಡರೂ ಬಿಡುವುದು ಬೇಡ. ಅದಕ್ಕೂ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡ್ರೈವ್‌ನ ಆರೋಗ್ಯ ನೋಡಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಅಥವಾ ಕೆಡುತ್ತಿರುವ ಜಾಗಗಳು, ಏರುತ್ತಿದ್ದರೆ, ಅಥವಾ ಡ್ರೈವ್ ಟಿಕ್ ಟಿಕ್ ಅನ್ನುತ್ತಿದ್ದರೆ, ಅದರಲ್ಲಿ ಯಾವ ಪ್ರಾಜೆಕ್ಟನ್ನೂ ತೆರೆಯಬೇಡಿ.

ಕಾಪಿಗೆ ಎಷ್ಟು ಹೊತ್ತು ಅಂತ ಅಂದಾಜು ಬೇಕಾದರೆ, ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 1 ಟಿಬಿಗೆ ಹತ್ತಿರ ಹತ್ತಿರ 3 ಗಂಟೆ. ಸಣ್ಣ ಫೈಲ್‌ಗಳು ಜಾಸ್ತಿ ಇದ್ದರೆ ಇನ್ನೂ ನಿಧಾನ. ರೀಪೀಕ್ಸ್ ಫೈಲ್‌ಗಳು ಹೀಗೇ ರಾಶಿ ಬಿದ್ದಿರುತ್ತವೆ. ಅವು ಅಲೆಯ ಚಿತ್ರ ತೋರಿಸಲು ಮಾತ್ರ, ಬಿಟ್ಟು ಬಂದರೂ ರೀಪರ್ ಮತ್ತೆ ಕಟ್ಟಿಕೊಳ್ಳುತ್ತದೆ. ಮೌಸಿನಲ್ಲಿ ಎಳೆದು ಹಾಕುವ ಬದಲು ಟೆರಾಕಾಪಿ ತರದ ಕಾಪಿ ಸಾಫ್ಟ್‌ವೇರ್ ಬಳಸಿ, ವೆರಿಫೈ ಆನ್ ಮಾಡಿ. ಕಾಪಿ ಆದ ಮೇಲೆ ಎರಡೂ ಕಡೆಯ ಫೈಲನ್ನು ಓದಿ ಹೋಲಿಸುತ್ತದೆ. ಸಮಯ ಹೆಚ್ಚು ಹಿಡಿದರೂ ಇಂಥ ಟೇಕ್‌ಗಳಿಗೆ ಅದು ಬೇಕೇ ಬೇಕು.

ಕಾಪಿ ಆಯಿತಲ್ಲ, ಹಳೇ ಡ್ರೈವ್ ಕಿತ್ತಿಡಿ. ಈಗ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಕಾಪಿ ಇರುವ ಡ್ರೈವ್‌ಗೆ ಹಳೇ ಡ್ರೈವ್‌ನ ಅಕ್ಷರವನ್ನೇ ಕೊಡಿ. ಹಳೆಯದು ಎಫ್ ಆಗಿದ್ದರೆ ಇದೂ ಎಫ್. ಫೋಲ್ಡರ್‌ಗಳು ಡ್ರೈವ್‌ನ ಬುಡದಿಂದಲೇ ಅದೇ ರಚನೆಯಲ್ಲಿರಬೇಕು, "ಹಳೇ ಡ್ರೈವ್" ಅಂತ ಹೊಸ ಫೋಲ್ಡರ್ ಮಾಡಿ ಅದರೊಳಗೆ ತುರುಕಿದರೆ ಇದು ನಡೆಯುವುದಿಲ್ಲ. ಸರಿ ಇದ್ದರೆ ಪ್ರಾಜೆಕ್ಟ್‌ಗಳೆಲ್ಲ ಏನೂ ಆಗಿಲ್ಲ ಎಂಬಂತೆ ತೆರೆದುಕೊಳ್ಳುತ್ತವೆ. ಮಂದ್ರ_ಶ್ರುತಿ ಹೇಳಿದ ಸೇವ್ ಆ್ಯಸ್ ಕೆಲಸವನ್ನು ಈ ಕಾಪಿಯ ಮೇಲೆ ಆರಾಮಾಗಿ ಮಾಡಿ. ಮ್ಯಾಕ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿ ಅಕ್ಷರದ ಬದಲು ಡ್ರೈವ್‌ನ ಹೆಸರು ಲೆಕ್ಕಕ್ಕೆ ಬರುತ್ತದೆ. ಹೊಸ ಡ್ರೈವ್‌ಗೆ ಅದೇ ಹೆಸರಿಡಿ, ಆದರೆ ಒಂದೇ ಹೆಸರಿನ ಎರಡನ್ನೂ ಒಟ್ಟಿಗೆ ಸಿಕ್ಕಿಸಬೇಡಿ, ಎರಡನೆಯದರ ದಾರಿಗೆ ಕೊನೆಯಲ್ಲಿ 1 ಸೇರಿಕೊಂಡು ಎಲ್ಲ ತಪ್ಪುತ್ತದೆ.

ಇದಕ್ಕೆ ಇನ್ನೊಂದು ಡ್ರೈವ್ ಬೇಕಾಗುತ್ತದೆ, ನಿಜ. ಹೇಗಿದ್ದರೂ ಬ್ಯಾಕಪ್‌ಗೆ ಅದು ಬೇಕಾಗಿಯೇ ಇತ್ತು.

ಮಂದ್ರ_ಶ್ರುತಿ

ಟೇಕ್_ಐದು ಹೇಳಿದ ಕ್ರಮವೇ ಸರಿ. ಹಳೇ ಡ್ರೈವನ್ನು ಒಮ್ಮೆ ಓದಿ ಎತ್ತಿಡುವುದು ಸುರಕ್ಷಿತ. ಅಕ್ಷರ ಕೊಡುವ ಉಪಾಯ ಚೆನ್ನಾಗಿದೆ, ನಾನೂ ಅದನ್ನೇ ಮೊದಲು ಹೇಳಬಹುದಿತ್ತು.

ಚುಕ್ಕಿ_ತಾಳ

ಏಬಲ್ಟನ್ ಲೈವ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಫೈಲ್ ಮೆನುವಿನಲ್ಲಿ ಕಲೆಕ್ಟ್ ಆಲ್ ಆ್ಯಂಡ್ ಸೇವ್ ಇದೆ. ಅದನ್ನು ಒತ್ತಿದರೆ ಬೇರೆ ಪ್ರಾಜೆಕ್ಟ್‌ಗಳಿಂದ ಬಂದದ್ದು, ಯೂಸರ್ ಲೈಬ್ರರಿಯದ್ದು, ಫ್ಯಾಕ್ಟರಿ ಪ್ಯಾಕ್‌ಗಳದ್ದು ಹೀಗೆ ಬಿಡಿ ಬಿಡಿಯಾಗಿ ಯಾವುದನ್ನು ತರಬೇಕು ಅಂತ ಕೇಳುತ್ತದೆ. ಫ್ಯಾಕ್ಟರಿ ಪ್ಯಾಕ್ ಬೇಡ ಅನ್ನಬಹುದು, ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಮಿಕ್ಕಿದ್ದಕ್ಕೆಲ್ಲ ಹೌದು ಅನ್ನಿ. ಒಂದೇ ಲೈವ್ ಪ್ರಾಜೆಕ್ಟ್ ಫೋಲ್ಡರ್‌ನೊಳಗೆ ಹಲವು ಎಎಲ್‌ಎಸ್ ಸೆಟ್‌ಗಳು (ಲೈವ್‌ನ ಹಾಡಿನ ಫೈಲ್‌ಗಳು) ಇರಬಹುದು, ಕಲೆಕ್ಟ್ ಆಗುವುದು ಆಗ ತೆರೆದಿರುವ ಸೆಟ್‌ನದ್ದು ಮಾತ್ರ. ಒಂದೊಂದನ್ನೂ ತೆರೆದು ಮಾಡಬೇಕು. ಆಡಿಯೋ ಫೈಲ್‌ಗಳ ಪಕ್ಕದಲ್ಲಿ ಲೈವ್ ಮಾಡಿಡುವ ಎಎಸ್‌ಡಿ ಫೈಲ್‌ಗಳನ್ನು ಕಸ ಅಂತ ಅಳಿಸಬೇಡಿ. ಕ್ಲಿಪ್‌ನಲ್ಲಿ ನೀವು ಸೇವ್ ಒತ್ತಿ ಉಳಿಸಿದ ವಾರ್ಪ್ ಸೆಟ್ಟಿಂಗ್ (ಆಡಿಯೋವನ್ನು ಹಾಡಿನ ವೇಗಕ್ಕೆ ಹೊಂದಿಸುವುದು) ಅದರಲ್ಲಿರುತ್ತದೆ.

ಇನ್ನೊಂದು, ಈ ಕಲೆಕ್ಟ್‌ನಿಂದಾಗಲಿ ರೀಪರ್‌ನ ಸೇವ್ ಆ್ಯಸ್‌ನಿಂದಾಗಲಿ ಪ್ಲಗಿನ್‌ಗಳು (ಎಫೆಕ್ಟ್, ವಾದ್ಯಗಳ ಹೆಚ್ಚುವರಿ ಸಾಫ್ಟ್‌ವೇರ್) ಬರುವುದಿಲ್ಲ, ಕಾಂಟ್ಯಾಕ್ಟ್ ತರದ ಸ್ಯಾಂಪ್ಲರ್‌ನ ಲೈಬ್ರರಿಯೂ (ರೆಕಾರ್ಡ್ ಮಾಡಿದ ವಾದ್ಯಧ್ವನಿಗಳ ಸಂಗ್ರಹ) ಬರುವುದಿಲ್ಲ. ಲೈಬ್ರರಿಗಳನ್ನು ಪ್ರಾಜೆಕ್ಟ್‌ಗಳ ಜೊತೆ ಬೆರೆಸದೆ ಬೇರೆಯೇ ಜಾಗದಲ್ಲಿಡಿ. ಕಾಂಟ್ಯಾಕ್ಟ್ ಲೈಬ್ರರಿಗಳನ್ನು ನೋಡಿಕೊಳ್ಳುವ ನೇಟಿವ್ ಆ್ಯಕ್ಸೆಸ್‌ನಲ್ಲಿ ಹೊಸ ಜಾಗ ತೋರಿಸಲು ಅವಕಾಶವಿದೆ, ಒಮ್ಮೆ ತೋರಿಸಿದರೆ ಸಾಕು.

ಹಾಡಿನ_ಗೂಡು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರ್‌ಪಿಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ, ಮಂದ್ರ_ಶ್ರುತಿ ಹೇಳಿದ ಹಾಗೇ ಇದೆ. ಹಾಡಿದ ಸಾಲುಗಳೆಲ್ಲ ಎಫ್ ಡ್ರೈವ್‌ನ ಡಾಕ್ಯುಮೆಂಟ್ಸ್ ಕಡೆ ಕೈ ತೋರಿಸುತ್ತಿವೆ. ಡ್ರೈವ್ ಕಾಪಿ ಶುರು ಮಾಡಿದ್ದೇನೆ.

ಒಂದು ತೊಡಕು ಕಾಣಿಸಿತು. ಕೈಯಲ್ಲಿ ಹಿಡಿಯುವ ರೆಕಾರ್ಡರ್‌ನಿಂದ ತಂದ ಫೈಲ್‌ಗಳು ಹಲವು ಫೋಲ್ಡರ್‌ಗಳಲ್ಲಿ ಒಂದೇ ಹೆಸರಿನಲ್ಲಿವೆ. 0001, 0002, ಹೀಗೆ. ಕೆಲವು ಪ್ರಾಜೆಕ್ಟ್‌ಗಳಲ್ಲಿ ಫೈಲ್ ಈಗಾಗಲೇ ಕಾಣೆಯಾಗಿದೆ, ರೀಪರ್ ಎಲ್ಲಿದೆ ಅಂತ ಕೇಳಿದಾಗ ಇದೇ ಹೆಸರಿನದನ್ನು ತೋರಿಸಿದರೆ ಒಪ್ಪಿಕೊಳ್ಳುತ್ತದೆ, ಆದರೆ ಅದೇ ಫೈಲ್ ಅಂತ ಹೇಗೆ ಗೊತ್ತಾಗಬೇಕು?

ಟೇಕ್_ಐದು

ಇದು ಫೈಲ್ ಕಾಣೆಯಾಗುವುದಕ್ಕಿಂತ ಅಪಾಯ. ಕಾಣೆಯಾದರೆ ಗೊತ್ತಾಗುತ್ತದೆ, ತಪ್ಪು ಟೇಕ್ ಕೂತರೆ ಗೊತ್ತೇ ಆಗದೆ ಸೇವ್ ಆಗಿ ಹೋಗುತ್ತದೆ. ಎಷ್ಟೋ ರೆಕಾರ್ಡರ್‌ಗಳು ಕಾರ್ಡ್ ಫಾರ್ಮ್ಯಾಟ್ ಮಾಡಿದ ಮೇಲೆ ಎಣಿಕೆಯನ್ನು ಮತ್ತೆ ಮೊದಲಿಂದ ಶುರು ಮಾಡುತ್ತವೆ, ಆದ್ದರಿಂದಲೇ ಈ ಗೊಂದಲ.

ಮೊದಲು ಇನ್ನೂ ಸೇವ್ ಒತ್ತಬೇಡಿ, ಪ್ರಾಜೆಕ್ಟ್‌ನ ಒಂದು ಕಾಪಿ ಇಟ್ಟುಕೊಳ್ಳಿ. ಆಮೇಲೆ ಫೈಲ್‌ನ ಮಾಡಿಫೈಡ್ ದಿನಾಂಕ ನೋಡಿ. ಕ್ರಿಯೇಟೆಡ್ ನೋಡಬೇಡಿ, ಕಾಪಿ ಮಾಡಿದಾಗ ಅದು ಕಾಪಿ ಮಾಡಿದ ದಿನಕ್ಕೆ ಬದಲಾಗುತ್ತದೆ, ಮಾಡಿಫೈಡ್ ಮಾತ್ರ ಹಳೆಯದೇ ಉಳಿಯುತ್ತದೆ. ಆ ದಿನಾಂಕ ಪ್ರಾಜೆಕ್ಟ್ ಮಾಡಿದ ಕಾಲಕ್ಕೆ ಹೊಂದುತ್ತದಾ? ರೆಕಾರ್ಡರ್‌ನ ಗಡಿಯಾರ ಸರಿ ಇದ್ದರೆ ಇದೊಂದೇ ಅರ್ಧ ಗೊಂದಲ ಬಿಡಿಸುತ್ತದೆ. ಮುಂದೆ ಉದ್ದ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಅಂದರೆ ನಿಮಿಷಕ್ಕೆ 8.64 ಎಂಬಿ, ಸ್ಟೀರಿಯೋ ಆದರೆ ಅದರ ಎರಡರಷ್ಟು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಆ ಐಟಮ್ ಫೈಲ್‌ನ ನಾಲ್ಕನೇ ನಿಮಿಷದವರೆಗೆ ಬಳಸಿದ್ದರೆ 20 ಎಂಬಿಯ ಮೋನೋ ಫೈಲ್ ಅದಾಗಲು ಸಾಧ್ಯವೇ ಇಲ್ಲ. ಕೊನೆಗೆ ಕಿವಿ. ನೀವು ಕತ್ತರಿಸಿದ ಜಾಗಗಳನ್ನು ನೋಡಿ. ಸರಿಯಾದ ಫೈಲ್ ಆಗಿದ್ದರೆ ಕತ್ತರಿ ಬಿದ್ದಿರುವುದು ಉಸಿರಿನ ನಡುವೆ, ಸಾಲುಗಳ ನಡುವಿನ ಮೌನದಲ್ಲಿ. ತಪ್ಪು ಫೈಲ್‌ನಲ್ಲಿ ಅದೇ ಕತ್ತರಿ ಪದದ ಮಧ್ಯೆ ಬೀಳುತ್ತದೆ, ಫೇಡ್‌ಗಳು ಅರ್ಥವಿಲ್ಲದ ಕಡೆ ಇರುತ್ತವೆ. ಝೂಮ್ ಮಾಡಿದರೆ ಕೇಳುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಮುಂದಕ್ಕೆ, ರೆಕಾರ್ಡ್ ಒತ್ತುವ ಮೊದಲು ಟ್ರ್ಯಾಕ್‌ಗೆ ಹೆಸರಿಡಿ. ಫೈಲ್‌ಗೂ ಆ ಹೆಸರೇ ಬರುತ್ತದೆ. ರೆಕಾರ್ಡರ್‌ನಿಂದ ತಂದದ್ದಕ್ಕೆ ಪ್ರಾಜೆಕ್ಟ್‌ಗೆ ಎಳೆಯುವ ಮೊದಲೇ ದಿನಾಂಕ ಸೇರಿಸಿ, ವರ್ಷ ಮೊದಲು, ತಿಂಗಳು, ದಿನ ಅನ್ನುವ ಕ್ರಮದಲ್ಲಿ. ಹಾಗಿದ್ದರೆ ಪಟ್ಟಿ ತಾನಾಗೇ ಕಾಲಕ್ರಮಕ್ಕೆ ನಿಲ್ಲುತ್ತದೆ. ಎಳೆದ ಮೇಲೆ ಹೆಸರು ಬದಲಿಸಬೇಡಿ.

ಹಾಡಿನ_ಗೂಡು

ಕತ್ತರಿ ಬಿದ್ದ ಜಾಗ ನೋಡುವುದು ನನಗೆ ಹೊಳೆದೇ ಇರಲಿಲ್ಲ. ಈಗಷ್ಟೇ ಒಂದರಲ್ಲಿ ಪ್ರಯತ್ನಿಸಿದೆ, ಮೂರು ಫೈಲ್‌ಗಳಲ್ಲಿ ಸರಿಯಾದದ್ದು ಯಾವುದು ಅಂತ ಕೂಡಲೇ ಗೊತ್ತಾಯಿತು. ಕೊನೆಯ ಪ್ರಶ್ನೆ, ಬಳಸದ ಟೇಕ್‌ಗಳನ್ನು ತೆಗೆಯಲು ರೀಪರ್‌ನಲ್ಲಿ ಕ್ಲೀನ್ ಪ್ರಾಜೆಕ್ಟ್ ಡೈರೆಕ್ಟರಿ ಅಂತ ಇದೆಯಲ್ಲ, ಅದನ್ನು ಓಡಿಸಬಹುದಾ? ಹಳೇ ಡ್ರೈವ್‌ಗಳನ್ನು ಯಾವಾಗ ಖಾಲಿ ಮಾಡಬಹುದು?

ಮಂದ್ರ_ಶ್ರುತಿ

ಒಂದು ಫೋಲ್ಡರ್‌ಗೆ ಒಂದೇ ಪ್ರಾಜೆಕ್ಟ್ ಇದ್ದರೆ ಮಾತ್ರ ಓಡಿಸಿ. ಅದು ನೋಡುವುದು ತೆರೆದಿರುವ ಪ್ರಾಜೆಕ್ಟ್ ಏನು ಬಳಸುತ್ತಿದೆ ಅಂತ. "ಮಿಕ್ಸ್ 1", "ಮಿಕ್ಸ್ 2" ಅಂತ ಎರಡು ಆರ್‌ಪಿಪಿ ಅದೇ ಫೋಲ್ಡರ್‌ನಲ್ಲಿದ್ದರೆ, ಒಂದರಲ್ಲಿ ಬಿಟ್ಟ ಟೇಕ್ ಇನ್ನೊಂದರ ಜೀವ ಆಗಿರಬಹುದು. ನನ್ನನ್ನು ಕೇಳಿದರೆ ಹಾಡಿನ ಟೇಕ್‌ಗಳನ್ನು ಅಳಿಸಲೇಬೇಡಿ. ಜಾಗ ಕಡಿಮೆ ಅನಿಸಿದರೆ ಮುಗಿದ ಪ್ರಾಜೆಕ್ಟ್‌ಗಳ ಆಡಿಯೋವನ್ನು ಫ್ಲ್ಯಾಕ್ ಅನ್ನುವ, ಗಾತ್ರ ಕುಗ್ಗಿಸುವ ಫಾರ್ಮ್ಯಾಟ್‌ಗೆ ಬದಲಿಸಬಹುದು. ಧ್ವನಿಯಲ್ಲಿ ಒಂದು ಬಿಟ್ ಕೂಡ ಹೋಗುವುದಿಲ್ಲ, ಗಾತ್ರ ಗಣನೀಯವಾಗಿ ಇಳಿಯುತ್ತದೆ. ಆದರೆ 32 ಬಿಟ್ ಫ್ಲೋಟ್ ಫೈಲ್‌ಗಳನ್ನು ಫ್ಲ್ಯಾಕ್ ಹಿಡಿಯುವುದಿಲ್ಲ, ಅದಕ್ಕೆ ವೇವ್‌ಪ್ಯಾಕ್ ಅನ್ನುವ ಇನ್ನೊಂದು ಫಾರ್ಮ್ಯಾಟ್ ಬೇಕು.

ಮುಗಿದ ಹಾಡುಗಳಿಗೆ ಇನ್ನೊಂದು ಕೆಲಸ ಮಾಡಿ. ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಶುರುವಾಗಿ ಕೊನೆಯವರೆಗೆ ಒಂದೇ ಉದ್ದದ ವೇವ್ ಆಗಿ ರೆಂಡರ್ ಮಾಡಿ ಅದೇ ಫೋಲ್ಡರ್‌ನಲ್ಲಿಡಿ, ಜೊತೆಗೆ ಟೆಂಪೋ ಮತ್ತು ಶ್ರುತಿ ಬರೆದ ಒಂದು ಸಣ್ಣ ಟೆಕ್ಸ್ಟ್ ಫೈಲ್. ಇನ್ನು ಕೆಲವು ವರ್ಷಕ್ಕೆ ಆ ಪ್ಲಗಿನ್‌ಗಳು ಓಡದೇ ಹೋಗಬಹುದು. ಆಗ ಈ ವೇವ್‌ಗಳನ್ನು ಯಾವ ಸಾಫ್ಟ್‌ವೇರ್‌ಗೆ ಎಳೆದರೂ ಹಾಡು ಸಾಲಾಗಿ ಕೂರುತ್ತದೆ.

ಹಳೇ ಡ್ರೈವ್‌ಗಳನ್ನು ಖಾಲಿ ಮಾಡುವ ಅವಸರ ಬೇಡ. ಎಸ್‌ಎಸ್‌ಡಿ ಒಂದೇ ಇದ್ದರೆ ಅದು ಬ್ಯಾಕಪ್ ಅಲ್ಲ, ಅದೇ ಮೂಲ. ಎರಡನೇ ಕಾಪಿ ಇನ್ನೊಂದು ಡ್ರೈವ್‌ನಲ್ಲಿ, ಸಾಧ್ಯವಾದರೆ ಮೂರನೆಯದು ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಇದ್ದು, ಆ ಎರಡನೇ ಕಾಪಿಯಿಂದಲೂ ಪ್ರಾಜೆಕ್ಟ್ ತೆರೆದುಕೊಂಡ ಮೇಲೆ ಯೋಚಿಸಿ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಪೆಟ್ಟಿಗೆಯಲ್ಲಿಡುವುದೂ ಒಳ್ಳೆಯದಲ್ಲ, ಆಗಾಗ ಸಿಕ್ಕಿಸಿ. ಲೈವ್ ಸೆಟ್‌ಗಳಲ್ಲಿ ಕಾಣೆಯಾದ ಫೈಲ್‌ಗಳ ಪಟ್ಟಿ ಬಂದರೆ ಇಲ್ಲಿ ಹಾಕಿ, ಚುಕ್ಕಿ_ತಾಳ ಅವರೂ ಇದ್ದಾರೆ, ನೋಡೋಣ.