ಕಬಡ್ಡಿ ಆಡುವಾಗ ತಮ್ಮನ ಕಾಲು ಉಳುಕಿದೆ, ಬಿಸಿ ಎಣ್ಣೆ ನೀವಿದ್ಮೇಲೆ ಇನ್ನೂ ಊದ್ಕೊಂಡಿದೆ, ಏನ್ ಮಾಡೋದು?

ಕೆರೆಕೋಡಿ ಹುಡ್ಗ:
ಎಲ್ರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮೂರ ಹಬ್ಬದ ಕಬಡ್ಡಿ ಮ್ಯಾಚು, ತಮ್ಮ ರೈಡ್ ಹೋಗಿದ್ದ, ಬೋನಸ್ ಲೈನ್ ದಾಟಿ ತಿರುಗೋ ಹೊತ್ತಿಗೆ ಕಾರ್ನರ್‌ನವನು ಆಂಕಲ್ ಹೋಲ್ಡ್ ಹಾಕ್ದ (ಹರಡು, ಅಂದ್ರೆ ಪಾದದ ಕೀಲು ಹಿಡ್ಕೊಂಡ), ಇವನು ಬಿಡಿಸ್ಕೊಂಡು ಬರಕ್ಕೆ ಹೋಗಿ ಪಾದ ಒಳಗಡೆಗೆ ಮಡಚ್ಕೊಂಡ್ಬಿಡ್ತು. ಯಾರೋ ಪೇನ್ ಸ್ಪ್ರೇ ಹೊಡೆದು ಏನೂ ಆಗಿಲ್ಲ ಬಾ ಮಗಾ ಅಂತ ಇನ್ನೂ ಎರಡು ರೈಡ್ ಕಳ್ಸಿದ್ರು. ಮನೆಗೆ ಬಂದ್ಮೇಲೆ ಅಜ್ಜಿ ಎಳ್ಳೆಣ್ಣೆ ಬಿಸಿ ಮಾಡಿ ನೀವಿ, ಬಿಸಿನೀರಿನ ಶಾಖನೂ ಕೊಟ್ರು. ಬೆಳಗ್ಗೆ ನೋಡಿದ್ರೆ ಹರಡು ಮೋಸಂಬಿ ಥರ ಊದಿದೆ, ಹೊರಗಡೆ ಸೈಡೆಲ್ಲ ನೀಲಿ. ಐಸ್ ಇಡ್ಬೇಕಾ ಬಿಸಿನಾ? ಪಕ್ಕದೂರಲ್ಲಿ ಉಳುಕು ತೆಗೆಯೋರು ಇದಾರೆ, ಅಪ್ಪ ಅಲ್ಲಿಗೇ ಹೋಗೋಣ ಅಂತಿದಾರೆ.

ಹಳೇ ರೈಡರ್:
ಗುರು ನಾವು ಇಪ್ಪತ್ತು ವರ್ಷ ಮಣ್ಣಲ್ಲಿ ಆಡಿದೀವಿ, ಎಷ್ಟು ಸಲ ಉಳುಕಿಲ್ಲ, ಅರಿಶಿನ ಸುಣ್ಣ ಕಲ್ಸಿ ಪಟ್ಟು ಹಾಕಿ ನೀವ್ಸಿದ್ರೆ ನಾಲ್ಕು ದಿನಕ್ಕೆ ಗ್ರೌಂಡಲ್ಲಿ ಇರ್ತಿದ್ವಿ. ಈಗಿನವ್ರು ಎಲ್ಲದಕ್ಕೂ ಎಕ್ಸ್‌ರೇ ಅಂತಾರೆ.

ಫಿಸಿಯೋ ಅಕ್ಕ:
ಅಣ್ಣ ಬೇಜಾರಾಗ್ಬೇಡಿ, ನಿಮ್ದು ಸರಿಹೋಗಿದ್ದು ನಿಮ್ಮ ಅದೃಷ್ಟ. ಉಳುಕು ಅಂದ್ರೆ ಮೂಳೆಗಳನ್ನ ಕಟ್ಟಿ ಹಿಡಿದಿರೋ ಲಿಗಮೆಂಟ್ ಎಳೆದು ಹರಿದಿರೋದು, ಒಳಗೆ ಸಣ್ಣ ರಕ್ತನಾಳ ಒಡೆದು ರಕ್ತ ಸೋರ್ತಾ ಇರುತ್ತೆ, ಆಗ ಶಾಖ ಕೊಟ್ರೆ ರಕ್ತ ಇನ್ನೂ ಜಾಸ್ತಿ ಹರಿಯುತ್ತೆ, ನೀವಿದ್ರೆ ಹರಿದಿರೋದು ಇನ್ನಷ್ಟು ಕೆದಕಿದ ಹಾಗೆ, ಮೋಸಂಬಿ ಆಗ್ದೆ ಇನ್ನೇನಾಗುತ್ತೆ. ಮೊದಲ ಎರಡು ಮೂರು ದಿನ ಎಣ್ಣೆ, ಶಾಖ, ನೀವೋದು, ಓಡೋದು ಯಾವ್ದೂ ಬೇಡ, ಎಣ್ಣೆ (ಬಾಟ್ಲಿ ಎಣ್ಣೆನೂ) ಸೇರಿ 😄

ಐಸ್ ಬಗ್ಗೆ ಕೇಳಿದ್ರಿ. ರೆಸ್ಟು, ಐಸು, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡೋದು, ಈ ನಾಲ್ಕರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸೇರಿಸಿ ರೈಸ್ (RICE) ಅಂತ 1978ರಲ್ಲಿ ಹೆಸರಿಟ್ಟಿದ್ದು ಅಮೆರಿಕದ ಡಾಕ್ಟ್ರು ಗೇಬ್ ಮಿರ್ಕಿನ್. ಅವ್ರೇ 2014ರಲ್ಲಿ ಐಸು, ಪೂರ್ತಿ ರೆಸ್ಟು ಎರಡೂ ವಾಸಿಯಾಗೋದನ್ನ ತಡ ಮಾಡ್ಬಹುದು ಅಂತ ಮಾತು ಬದಲಾಯಿಸಿದ್ರು. ಹಂಗಂತ ಐಸ್ ವಿಷ ಅಲ್ಲ, ನೋವು ಕಮ್ಮಿ ಮಾಡುತ್ತೆ. ಬಟ್ಟೇಲಿ ಸುತ್ತಿ 15-20 ನಿಮಿಷ ಇಟ್ಟು ತೆಗೀರಿ, ಬರೀ ಚರ್ಮಕ್ಕೆ ಇಟ್ರೆ ಸುಟ್ಟ ಹಾಗಾಗುತ್ತೆ. ಮಲಗ್ದಾಗ ಕಾಲು ಎದೆಗಿಂತ ಎತ್ತರ ಇರ್ಲಿ, ಎರಡು ದಿಂಬು ಸಾಕು. ಕ್ರೇಪ್ ಬ್ಯಾಂಡೇಜು ಬೆರಳ ಬುಡದಿಂದ ಶುರು ಮಾಡಿ ಮೇಲಕ್ಕೆ ಸುತ್ತಿ, ಬೆರಳು ಜೋಮು ಹಿಡಿದ್ರೆ, ನೀಲಿ ಆದ್ರೆ ತಕ್ಷಣ ಸಡಿಲ ಮಾಡಿ.

ಈಗ ಮುಖ್ಯವಾದ್ದು. ಅವನು ನಾಲ್ಕು ಹೆಜ್ಜೆ ಕಾಲೂರಿ ನಡೀತಾನಾ, ಕುಂಟ್ಕೊಂಡಾದ್ರೂ? ಹರಡಿನ ಎರಡೂ ಕಡೆ ಉಬ್ಬಿರೋ ಮೂಳೆಯ ತುದಿ, ಅದರ ಹಿಂದಿನ ಅಂಚು ಒತ್ತಿ ನೋಡಿ, ಆಮೇಲೆ ಪಾದದ ಹೊರಗಡೆ ಕಿರುಬೆರಳಿಂದ ಹಿಂದಕ್ಕೆ ಬರ್ತಾ ನಡುಮಧ್ಯ ಒಂದು ಗೂಟದ ಥರ ಮೂಳೆ ಸಿಗುತ್ತಲ್ಲ ಅಲ್ಲೂ ಒತ್ತಿ. ನಡೆಯಕ್ಕಾಗಲ್ಲ, ಇಲ್ಲ ಈ ಮೂಳೆ ಮೇಲೆ ಒತ್ತಿದ್ರೆ ಕಿರುಚ್ತಾನೆ ಅಂದ್ರೆ ಎಕ್ಸ್‌ರೇ ಮಾಡಿಸ್ಲೇಬೇಕು. ಇದು ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಮಾಡಿದ ನಿಯಮ, ಸುಮ್ನೆ ಎಲ್ರಿಗೂ ಎಕ್ಸ್‌ರೇ ಬರೆಯೋದು ತಪ್ಪಲಿ ಅಂತಾನೇ ಮಾಡಿದ್ದು, ಹಳೇ ರೈಡರ್ ಅಣ್ಣನಿಗೆ ಖುಷಿ ಆಗ್ಬಹುದು. ಅಲ್ಲಿವರೆಗೂ ಉಳುಕು ತೆಗೆಯೋರ ಹತ್ರ ಬೇಡ, ಮೂಳೆ ಮುರಿದಿರೋ ಕಾಲನ್ನ ಲಟಕ್ ಅನ್ನಿಸಿದ್ರೆ ಕಷ್ಟ.

ಕಿಟ್ ಹೊರೋನು:
ನಾನು ನಮ್ ಟೀಮಿಗೆ ಮ್ಯಾನೇಜರ್ರು ಅಂದ್ರೆ ನೀರಿನ ಬಾಟ್ಲಿ ಹೊರೋನು, ಅಷ್ಟೇ. ಉಳುಕಿರೋನನ್ನ ಮತ್ತೆ ರೈಡ್ ಕಳ್ಸಿದ್ದು ತಪ್ಪು, ಸ್ಪ್ರೇ ಹೊಡೆದ್ರೆ ನೋವು ಗೊತ್ತಾಗಲ್ಲ ಗಾಯ ಹಂಗೇ ಇರುತ್ತೆ. ಇನ್ನೊಂದು, ಮೂಗಿಗೆ ಮೊಣಕಾಲು ಬಡಿದು ರಕ್ತ ಬಂದ್ರೆ ನಮ್ ಕಡೆ ತಲೆ ಹಿಂದಕ್ಕೆ ಬಗ್ಗಿಸ್ತಾರಲ್ಲ ಅದು ಮಾಡ್ಬೇಡಿ, ರಕ್ತ ಗಂಟಲಿಗೆ ಇಳಿದು ವಾಂತಿ ಆಗುತ್ತೆ, ಮುಂದಕ್ಕೆ ಬಗ್ಗಿ ಮೂಗಿನ ಮೆತ್ತನೆ ಭಾಗ ಹಿಡ್ಕೊಂಡು 10 ನಿಮಿಷ ಕೂರಿಸಿ, ಮಧ್ಯ ಮಧ್ಯ ಬಿಟ್ಟು ನೋಡ್ಬೇಡಿ. ಬೆರಳು ಕೀಲು ತಪ್ಪಿದ್ರೆ ಎಳೀಬೇಡಿ, ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ ಆಸ್ಪತ್ರೆಗೆ ಹೋಗಿ. ತಲೆಗೆ ಏಟು ಬಿದ್ದು ಸ್ಕೋರ್ ಎಷ್ಟು ಅಂತಾನೂ ಗೊತ್ತಿಲ್ದೆ ನಿಂತಿದ್ರೆ ಅವತ್ತು ಆಟ ಮುಗೀತು ಅವನಿಗೆ, ವಾಂತಿ ಮಾಡ್ಕೊಂಡ್ರೆ, ಮಂಪರು ಬಂದ್ರೆ 108ಕ್ಕೆ ಫೋನ್ ಮಾಡಿ.

ಕೆರೆಕೋಡಿ ಹುಡ್ಗ:
ಥ್ಯಾಂಕ್ಸ್ ಅಕ್ಕ. ನಾಲ್ಕು ಹೆಜ್ಜೆ ಹೆಂಗೋ ನಡೆದ, ಆದ್ರೆ ಆ ಗೂಟದ ಮೂಳೆ ಮುಟ್ಟಿದ್ದಕ್ಕೇ ನನ್ ಕೈಗೆ ಹೊಡೆದ. ತಾಲ್ಲೂಕು ಆಸ್ಪತ್ರೇಲಿ ಎಕ್ಸ್‌ರೇ ತೆಗೆಸಿದ್ವಿ, ಅಲ್ಲೇ ಸಣ್ಣ ಕ್ರ್ಯಾಕು, ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಪಟ್ಟಿ) ಹಾಕಿದಾರೆ, ಆರು ವಾರ ಆಟ ಇಲ್ಲ ಅಂದ್ರು. ಅಪ್ಪ ಸುಮ್ನಾಗಿದಾರೆ. ಅಜ್ಜಿ ಮಾತ್ರ ಸ್ಲ್ಯಾಬ್ ತೆಗೆದ್ಮೇಲೆ ಎಣ್ಣೆ ಹಚ್ಬಹುದಾ ಕೇಳು ಅಂತಿದಾರೆ 🙏

ಫಿಸಿಯೋ ಅಕ್ಕ:
ಡಾಕ್ಟ್ರು ಮೂಳೆ ಕೂಡಿದೆ ಅಂದ್ಮೇಲೆ ಹಚ್ಲಿ, ಮೆಲ್ಲಗೆ. ಅದಕ್ಕಿಂತ ಮುಖ್ಯ ಅಂದ್ರೆ ಆಗ ಹೆಬ್ಬೆರಳಲ್ಲಿ ಗಾಳೀಲಿ ಅ ಆ ಇ ಈ ಬರೆಸಿ, ಳ ತನಕ, ಹರಡು ಎಲ್ಲಾ ಕಡೆಗೂ ತಿರುಗುತ್ತೆ. ಹಲ್ಲುಜ್ಜೋವಾಗ ಒಂಟಿಕಾಲಲ್ಲಿ ನಿಲ್ಲಿಸಿ. ಆ ಕಾಲಲ್ಲಿ ನೋವಿಲ್ದೆ ಕುಂಟೋಬಿಲ್ಲೆ ಹಾರೋವರೆಗೂ ರೈಡ್ ಬೇಡ.