ವಿಆರ್ ಹೆಡ್‌ಸೆಟ್ ಹಾಕಿಸಿ ನರ್ಸಿಂಗ್ ಮಕ್ಕಳಿಗೆ ಆರೋಗ್ಯದ ಅಸಮಾನತೆ ಕಲಿಸಬಹುದಾ?

ಕಲಬುರಗಿ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ನರ್ಸಿಂಗ್ ಮಕ್ಕಳಿಗೆ ಕಮ್ಯುನಿಟಿ ಹೆಲ್ತ್ ಪಾಠ ಮಾಡುತ್ತೇನೆ. ನಮ್ಮ ಕಾಲೇಜಿಗೆ ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿಗೆ ಹಾಕಿಕೊಂಡರೆ ಬೇರೆ ಜಾಗದಲ್ಲೇ ಇದ್ದ ಹಾಗೆ ತೋರಿಸೋ ಸಾಧನ, ತರಿಸುವ ಮಾತು ನಡೀತಿದೆ. ಇಂಜೆಕ್ಷನ್, ಹೆರಿಗೆ ಕಲಿಸೋಕೆ ಅದು ಸರಿ. ನನ್ನ ಪ್ರಶ್ನೆ ಬೇರೆ. ಕಾಯಿಲೆ ಒಂದೇ, ಮಾತ್ರೆ ಒಂದೇ, ಆದರೂ ಸಿಟಿಯವರಿಗೆ ಬೇಗ ಗುಣ ಆಗುತ್ತೆ, ತಾಂಡಾದಿಂದ ಬಂದವರಿಗೆ ಯಾಕೆ ಆಗಲ್ಲ ಅನ್ನೋದು ಮಕ್ಕಳ ತಲೆಗೆ ಹೋಗಬೇಕು. ಮೊನ್ನೆ ಒಬ್ಬ ಹುಡುಗಿ ಬಸುರಿಯ ಕೇಸ್ ಬರೆಯುವಾಗ "ಐರನ್ ಮಾತ್ರೆ ಕೊಟ್ಟರೂ ನುಂಗಲ್ಲ, ಹೇಳಿದ ಮಾತು ಕೇಳಲ್ಲ" ಅಂತ ಬರೆದು ಮುಗಿಸಿದ್ದಳು. ಯಾಕೆ ನುಂಗಲ್ಲ ಅಂತ ಕೇಳೇ ಇರಲಿಲ್ಲ. ಇದಕ್ಕೆ ವಿಆರ್ ಸಹಾಯ ಆಗುತ್ತಾ, ಇಲ್ಲಾ ಅದೇ ದುಡ್ಡಲ್ಲಿ ಹಳ್ಳಿಗೆ ಬಸ್ ಮಾಡಿಸೋದೇ ಮೇಲಾ?

ಬೀದರ್ ಪಿಜಿ:
ಮೇಡಂ, ಸಹಾಯ ಆಗುತ್ತೆ. ಆದರೆ ಏನು ತೋರಿಸ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆ ಕಳೆದುಕೊಂಡವರ ಪಾಡನ್ನು ಕೆಲವರು ವಿಆರ್‌ನಲ್ಲಿ ಅನುಭವಿಸಿದರು, ಕೆಲವರು ಅದೇ ಕಥೆಯನ್ನು ಓದಿದರು. ಕನಿಕರ ಎರಡೂ ಕಡೆ ಹುಟ್ಟಿತು. ಆದರೆ ವಿಆರ್ ನೋಡಿದವರಲ್ಲಿ ಆ ಭಾವನೆ ಜಾಸ್ತಿ ದಿನ ಉಳಿಯಿತು, ಅಂಥವರಿಗೆ ಮನೆ ಬೇಕು ಅನ್ನೋ ಮನವಿಗೆ ಸಹಿ ಹಾಕಿದವರೂ ಅವರಲ್ಲೇ ಹೆಚ್ಚು.

ಇನ್ನೊಂದು ಮಗ್ಗುಲೂ ಇದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗಾಲಿಕುರ್ಚಿಯಲ್ಲಿ ಕೂತು ಅಂಗವಿಕಲರ ಕಷ್ಟ ತಿಳಿಯೋ ಆಟಗಳನ್ನು ಪರೀಕ್ಷಿಸಿದಾಗ, "ಅಯ್ಯೋ ಪಾಪ" ಅನ್ನೋದು ಮತ್ತು ಭಯ ಹೆಚ್ಚಾಗಿದ್ದು ಕಂಡಿದೆ. ನಮಗೆ ಪಾಪ ಅನ್ನೋ ನರ್ಸ್ ಬೇಕಾಗಿಲ್ಲ, ಯಾಕೆ ಅಂತ ಕೇಳೋ ನರ್ಸ್ ಬೇಕು. ಹಾಗಾಗಿ ಮುರುಕು ಗುಡಿಸಲು, ಅಳೋ ಮಗು ತೋರಿಸಬೇಡಿ. ಆಸ್ಪತ್ರೆ ಆ ಬಸುರಿಯ ಜೊತೆ ಹೇಗೆ ನಡೆದುಕೊಳ್ಳುತ್ತೆ ಅನ್ನೋದನ್ನು ತೋರಿಸಿ.

ಯಾದಗಿರಿ ಸಿಸ್ಟರ್:
ನಾನು ಉಪಕೇಂದ್ರದಲ್ಲಿ ಕೆಲಸ ಮಾಡುವವಳು. ಆ ಐರನ್ ಮಾತ್ರೆ ವಿಷಯ ಓದಿ ಬರೆಯದೇ ಇರೋಕಾಗಲಿಲ್ಲ. ಬೆಳಿಗ್ಗೆ ಬರೀ ಚಹಾ ಕುಡಿದು ಹೊಲಕ್ಕೆ ಹೋಗುವವಳು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತೆ. ಮಲ ಕಪ್ಪಗಾಗುತ್ತೆ, ಅತ್ತೆ ಹೆದರಿ ಮಾತ್ರೆ ಬಿಡಿಸ್ತಾಳೆ. ಇದನ್ನು ಯಾರೂ ಮೊದಲೇ ಅವಳಿಗೆ ಹೇಳಿರಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ನಮ್ಮ ಜಿಲ್ಲೆಯದ್ದು, ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿದರೆ ಏನು ಪ್ರಯೋಜನ ಹೇಳಿ.

ವಿಆರ್‌ಗೆ ಸೀನ್ ಮಾಡೋದಾದರೆ ಹೀಗೆ ಮಾಡಿ ಮೇಡಂ. ವಿದ್ಯಾರ್ಥಿ ಆ ಬಸುರಿಯ ಜಾಗದಲ್ಲಿ ಇರಲಿ. ಚೀಟಿ ಮಾಡಿಸೋ ಸಾಲು. ರಕ್ತ ಪರೀಕ್ಷೆಗೆ ಇನ್ನೊಂದು ಕಟ್ಟಡ. ರಿಪೋರ್ಟ್ ನಾಳೆ ಅಂತಾರೆ. ಊರಿಗೆ ಹೋಗೋ ಕೊನೇ ಬಸ್ಸಿನ ಹೊತ್ತಾಗಿದೆ, ಇವತ್ತಿನ ಕೂಲಿ ಹೋಯ್ತು, ನಾಳೆದೂ ಹೋಗುತ್ತೆ. ಅವಳಿಗೆ ಬರೋದು ಲಂಬಾಣಿ, ಸಿಸ್ಟರ್ ಕನ್ನಡದಲ್ಲಿ ಅವಸರದಿಂದ ಏನೋ ಹೇಳಿ ಮುಂದಿನವರನ್ನು ಕರೀತಾರೆ. ರಾತ್ರಿ ಉಳಿಯೋದಾ, ಮನೆಗೆ ಹೋಗೋದಾ, ವಿದ್ಯಾರ್ಥಿಯೇ ಆರಿಸಲಿ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಅಂತ ಪುಸ್ತಕದಲ್ಲಿ ಓದಿರ್ತಾರಲ್ಲ, ಆ ಲೆಕ್ಕದಲ್ಲಿ ಬಸ್ಸು ಕಾಣಲ್ಲ. ಹಾಗೇ ಗುಳೆ ಹೋಗೋದನ್ನು ಬಿಡಬೇಡಿ. ತಾಯಿ ಕಾರ್ಡ್ ಇಲ್ಲಿ ಆಗಿರುತ್ತೆ, ಹೆರಿಗೆ ಪುಣೆಯಲ್ಲೋ ಬೆಂಗಳೂರಿನ ಶೆಡ್ಡಿನಲ್ಲೋ ಆಗಿರುತ್ತೆ.

ಕ್ಯಾಮೆರಾ ಕಾಕಾ:
ಟೆಕ್ನಿಕಲ್ ಆಗಿ ಸ್ವಲ್ಪ ಹೇಳ್ತೀನಿ. ಆರಿಸೋ ಅವಕಾಶ ಬೇಕಂದ್ರೆ ದೊಡ್ಡ ಸಾಫ್ಟ್‌ವೇರೇ ಬೇಕು ಅಂತಿಲ್ಲ. 360 ಡಿಗ್ರಿ ಕ್ಯಾಮೆರಾದಲ್ಲಿ ಸಣ್ಣ ಸಣ್ಣ ವಿಡಿಯೋ ತೆಗೆದು, ಒಂದೊಂದರ ಕೊನೆಗೆ ಎರಡು ಆಯ್ಕೆ ಇಟ್ಟರೆ ಸಾಕು. ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಅಲುಗಾಡದಂತೆ ಇರಲಿ, ಕೂತವರ ಕಣ್ಣಿನ ಎತ್ತರಕ್ಕೆ. ಕ್ಯಾಮೆರಾ ನಡೆದಾಡಿದರೆ ಮಕ್ಕಳಿಗೆ ತಲೆ ತಿರುಗುತ್ತೆ. ನಿಜವಾದ ರೋಗಿಗಳನ್ನು ಶೂಟ್ ಮಾಡಲೇಬೇಡಿ, ನಟರನ್ನು ಹಾಕಿ, ಮಾತು ಮಾತ್ರ ಆಶಾ ಕಾರ್ಯಕರ್ತೆಯರನ್ನು, ತಾಂಡಾದ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬರೆಸಿ, ಅವರಿಗೆ ಅದರ ಕೂಲಿನೂ ಕೊಡಿ. ಇನ್ನೊಂದು, ನಮ್ಮ ಬಿಸಿಲಿಗೆ ಹೆಡ್‌ಸೆಟ್ ಕಿಟಕಿ ಹತ್ತಿರ ಇಡಬೇಡಿ. ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟು ಹೋಗುತ್ತೆ.

ಕಲಬುರಗಿ ಟೀಚರ್:
ತುಂಬಾ ಥ್ಯಾಂಕ್ಸ್. ಒಂದು ಅಳುಕು ಉಳಿದಿದೆ. ನನ್ನ ಕ್ಲಾಸಲ್ಲೇ ತಾಂಡಾದ ಹುಡುಗಿಯರಿದ್ದಾರೆ, ಗುಳೆ ಹೋಗೋ ಮನೆಯವರೂ ಇದ್ದಾರೆ. ಉಳಿದವರು ಹೆಡ್‌ಸೆಟ್ ತೆಗೆದು ಇವರ ಮುಖ ನೋಡಿದರೆ?

ಬೀದರ್ ಪಿಜಿ:
ಒಳ್ಳೇ ಪ್ರಶ್ನೆ ಮೇಡಂ. ಅವರನ್ನು ಮೊದಲೇ ಬೇರೆಯಾಗಿ ಕರೆದು ಮಾತಾಡಿ. ಸೀನ್ ಬರೆಯೋಕೆ ಸೇರುವ ಮನಸ್ಸಿದ್ದರೆ ಸೇರಲಿ, ಬೇಡ ಅಂದರೆ ಬಿಡಿ, ನೋಡಲೇಬೇಕು ಅನ್ನೋ ಒತ್ತಾಯವೂ ಬೇಡ. ಆಮೇಲಿನ ಚರ್ಚೆಯಲ್ಲಿ "ನಿಮ್ಮ ಕಡೆ ಹೇಗೆ" ಅಂತ ಅವರನ್ನೇ ಎಬ್ಬಿಸಿ ಕೇಳಬೇಡಿ. "ಈ ಸೀನಿನಲ್ಲಿ ನಾವು ಯಾವುದನ್ನು ಬದಲಾಯಿಸಬಹುದಿತ್ತು" ಅಂತ ಎಲ್ಲರನ್ನೂ ಕೇಳಿ. ಸೀನಿಗೆ ಹತ್ತು ನಿಮಿಷ ಕೊಟ್ಟರೆ ಚರ್ಚೆಗೆ ಒಂದು ಗಂಟೆ ಕೊಡಿ. ಅದೇ ವಾರ ಬಸ್ಸೂ ಮಾಡಿಸಿ. ಯಾದಗಿರಿ ಸಿಸ್ಟರ್ ಒಪ್ಪಿದರೆ ಅವರ ಉಪಕೇಂದ್ರಕ್ಕೇ ಹೋಗಬಹುದು, ಏನಂತೀರಿ ಸಿಸ್ಟರ್?

ಯಾದಗಿರಿ ಸಿಸ್ಟರ್:
ಧಾರಾಳವಾಗಿ ಬನ್ನಿ. ತೊಗರಿ ರಾಶಿ ಮುಗಿಯೋ ಮೊದಲು ಬನ್ನಿ, ಆಮೇಲೆ ಅರ್ಧ ಮನೆಗೆ ಬೀಗ ಬಿದ್ದಿರುತ್ತೆ.